ಹವಾಯಿಯ ಮಧ್ಯಾಹ್ನ ಯಾರ ಫೋಟೋದಲ್ಲೂ ಇಲ್ಲ

ಹವಾಯಿಯ ಬಿಗ್ ಐಲ್ಯಾಂಡಿನ ಫೋಟೋಗಳನ್ನು ನೀವು ನೋಡಿಯೇ ಇರುತ್ತೀರಿ. ಹೆಸರು ಗೊತ್ತಿಲ್ಲದೆ ನೋಡಿರಬಹುದು, ಅಷ್ಟೆ. ಲ್ಯಾಪ್‌ಟಾಪಿನ ಲಾಕ್ ಸ್ಕ್ರೀನ್, ಹೋಟೆಲ್ ಲಾಬಿಯ ಗೋಡೆ, ಡೆಂಟಿಸ್ಟ್ ಕ್ಲಿನಿಕ್ಕಿನ ಕ್ಯಾಲೆಂಡರ್, ಎಲ್ಲ ಕಡೆ ಅದೇ ಚಿತ್ರ. ಮುಂದುಗಡೆ ಕಪ್ಪು ಕಲ್ಲು. ಅದರ ಮೇಲೆ ಸಮುದ್ರದ ಅಲೆ, ಆದರೆ ಅಲೆಯ ಹಾಗೆ ಕಾಣುವುದಿಲ್ಲ, ಹಾಲು ಹೊಗೆಯಾದ ಹಾಗೆ ಕಾಣುತ್ತದೆ. ಹಿಂದೆ ಕಿತ್ತಳೆ ಬಣ್ಣದ ಆಕಾಶ. ಅದೃಷ್ಟ ಇದ್ದರೆ ಮೂಲೆಯಲ್ಲಿ ಒಂದಿಷ್ಟು ಕೆಂಪು ಲಾವಾ. ಮನುಷ್ಯ ಮಾತ್ರ ಎಲ್ಲೂ ಇಲ್ಲ.

ಈಗ ಈ ಚಿತ್ರವನ್ನು ದುಡ್ಡು ಕೊಟ್ಟು ಕೊಳ್ಳುವುದಷ್ಟೇ ಅಲ್ಲ, ದುಡ್ಡು ಕೊಟ್ಟು ನಾವೇ ಹೋಗಿ ತೆಗೆಯಲೂಬಹುದು. ಅದಕ್ಕೇ ಅಂತ ಅಲ್ಲಿ ‘ಪರ್ಸನಲೈಸ್ಡ್ ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಟೂರ್’ಗಳಿವೆ. ಒಬ್ಬ ಗೈಡ್, ಅವನೇ ಫೋಟೋಗ್ರಾಫರ್, ಅವನೇ ಡ್ರೈವರ್. ಗಿರಾಕಿ ನೀವೊಬ್ಬರೇ, ಹೆಚ್ಚೆಂದರೆ ನಿಮ್ಮ ಜೊತೆಗೊಬ್ಬರು. ಬಸ್ಸಿನಲ್ಲಿ ನಲವತ್ತು ಜನರ ಜೊತೆ ಹೋಗಿ ಹತ್ತು ನಿಮಿಷ ನಿಂತು ಬರುವ ಟೂರಲ್ಲ. ನಿಮ್ಮ ಕ್ಯಾಮೆರಾ, ನಿಮ್ಮ ವೇಗ, ನಿಮ್ಮ ಆಸಕ್ತಿ ಅಂತ ಮಾತು ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆನ್‌ಸೈಟ್ ಇದ್ದಾಗ ರಜೆ ಹಾಕಿ ಇಂಥದೊಂದು ಎರಡು ದಿನದ ಟೂರಿಗೆ ಹೋಗಿದ್ದೆ. ಖರ್ಚು ಹೇಳಿದರೆ ಅಮ್ಮ ಬೈತಾರೆ, ಅದು ಬೇಡ. ಸಿನಿಮಾವನ್ನೋ ಪುಸ್ತಕವನ್ನೋ ವಿಮರ್ಶೆ ಮಾಡುವ ಹಾಗೆ ಈ ಟೂರನ್ನೂ ವಿಮರ್ಶೆ ಮಾಡಬೇಕು ಅಂತ ಆಗಿನಿಂದ ಅನ್ನಿಸುತ್ತಿದೆ. ಇದೂ ಒಂದು ಕೃತಿ ತಾನೆ? ಇದಕ್ಕೂ ಸ್ಕ್ರಿಪ್ಟ್ ಇದೆ, ಲೈಟಿಂಗ್ ಇದೆ, ಎಡಿಟಿಂಗ್ ಇದೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಯಾಕಂದರೆ ಅದು ನಿಜಕ್ಕೂ ಒಳ್ಳೆಯದು. ಬಿಗ್ ಐಲ್ಯಾಂಡ್ ಸುಮಾರು 10,400 ಚದರ ಕಿಲೋಮೀಟರಿನ ದ್ವೀಪ. ಹೆಚ್ಚುಕಮ್ಮಿ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಅಷ್ಟರೊಳಗೆ 4,207 ಮೀಟರಿನ ಮೌನಾ ಕೆಯಾ ಇದೆ, ಅದಕ್ಕಿಂತ ಸ್ವಲ್ಪವೇ ಗಿಡ್ಡ ಮೌನಾ ಲೋವಾ ಇದೆ. ಹವಾಯಿ ಭಾಷೆಯಲ್ಲಿ ಮೌನಾ ಅಂದರೆ ಬೆಟ್ಟ. ಪೂರ್ವದಿಂದ ಬರುವ ವಾಣಿಜ್ಯ ಮಾರುತ ಈ ಬೆಟ್ಟಗಳಿಗೆ ಬಡಿದು ಹೀಲೋ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸುತ್ತದೆ. ಬೆಟ್ಟದ ಆಚೆ ಕೋನಾ ಕಡೆಯ ಕರಾವಳಿಯಲ್ಲಿ ಬಿಸಿಲು ಕಾದ ಬೋಳು ಲಾವಾ ಬಯಲು. ಘಟ್ಟದ ಈಚೆ ಆಚೆ ನೋಡಿದವರಿಗೆ ಇದು ಹೊಸದಲ್ಲ. ಆದರೆ ಮೂವತ್ತು ಕಿಲೋಮೀಟರಿಗೊಂದು ಹವಾಮಾನ ಇರುವ ಜಾಗದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎದ್ದು, ಮೋಡ ಯಾವಾಗ ಒಡೆಯುತ್ತದೆ, ಯಾವ ಕಡೆಗೆ ಕಾರು ತಿರುಗಿಸಬೇಕು ಅಂತ ಹೇಳುವುದು ಸಣ್ಣ ವಿದ್ಯೆಯಲ್ಲ. ನನ್ನ ಗೈಡ್ ಆಕಾಶ ನೋಡಿ ಹೇಳಿದ್ದು ಎರಡು ದಿನದಲ್ಲಿ ಒಮ್ಮೆಯೂ ತಪ್ಪಲಿಲ್ಲ. ನಮ್ಮ ಊರಲ್ಲಿ ಅಡಿಕೆ ಒಣಗಿಸುವ ಹೊತ್ತಿನಲ್ಲಿ ಮೋಡ ನೋಡಿ ಅಂಗಳಕ್ಕೆ ಓಡುವ ದೊಡ್ಡಪ್ಪನಿಗೆ ಈ ಮನುಷ್ಯ ಇಷ್ಟವಾಗುತ್ತಿದ್ದ.

ಇನ್ನೊಂದು, ಅವನು ಜೀವ ಕಾಯುತ್ತಾನೆ. ಇದು ಉತ್ಪ್ರೇಕ್ಷೆಯಲ್ಲ. ಲಾವಾ ಸಮುದ್ರಕ್ಕೆ ಬಿದ್ದಾಗ ದಡದಲ್ಲಿ ಹೊಸ ನೆಲ ಹುಟ್ಟುತ್ತದೆ, ಆದರೆ ಅದರ ಅಡಿಯಲ್ಲಿ ಗಟ್ಟಿ ಏನೂ ಇರುವುದಿಲ್ಲ. 2016ರ ಡಿಸೆಂಬರ್ 31ರಂದು ಕಮೊಕುನಾ ಎಂಬಲ್ಲಿ ಇಂಥ ಇಪ್ಪತ್ತು ಎಕರೆಗೂ ಹೆಚ್ಚು ನೆಲ ಕುಸಿದು ಸಮುದ್ರಕ್ಕೆ ಹೋಯಿತು. 2018ರ ಜುಲೈ 16ರಂದು ಲಾವಾ ನೋಡಲು ಹೋಗಿದ್ದ ದೋಣಿಯೊಂದರ ಮೇಲೆ ಸಿಡಿದ ಕಲ್ಲು ಬಿದ್ದು 23 ಜನ ಗಾಯಗೊಂಡರು. ನನ್ನ ಗೈಡ್ ಹಗ್ಗ ಕಟ್ಟಿದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಬಿಡಲಿಲ್ಲ. ಕಾಡಿಗೆ ಹೋಗುವ ಮೊದಲು ಮತ್ತು ಬಂದಮೇಲೆ ಬೂಟಿನ ಅಟ್ಟೆಯನ್ನು ಬ್ರಷ್ಷಿನಿಂದ ಉಜ್ಜಿಸಿದ. ಲಾವಾ ತಣ್ಣಗಾದ ಮೇಲೆ ಮೊದಮೊದಲು ಬೇರು ಬಿಡುವ ಓಹಿಯಾ ಮರಕ್ಕೆ ಒಂದು ಶಿಲೀಂಧ್ರ ರೋಗ ಬಂದು ಲಕ್ಷಗಟ್ಟಲೆ ಮರ ಸತ್ತಿವೆ. ಅದು ಬೂಟಿನ ಮಣ್ಣಿನ ಜೊತೆಗೂ ಹರಡುತ್ತದೆ. ಈ ವಿಷಯದಲ್ಲಿ ಟೂರಿಗೆ ಪೂರ್ತಿ ಅಂಕ.

ಇನ್ನು ಟೂರಿನಿಂದ ಹುಟ್ಟುವ ಚಿತ್ರಗಳ ವಿಷಯ. ಬುಕ್ ಮಾಡುವಾಗ ಒಂದು ಫಾರಂ ತುಂಬಿಸುತ್ತಾರೆ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಎಷ್ಟು ವರ್ಷದ ಅನುಭವ, ಎಷ್ಟು ದೂರ ನಡೆಯಬಲ್ಲಿರಿ, ಸಸ್ಯಾಹಾರಿಯೋ. ಈ ಉತ್ತರಗಳಿಂದ ನಿಮ್ಮ ‘ವೈಯಕ್ತಿಕ’ ಟೂರ್ ತಯಾರಾಗುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಪರ್ಸನಲೈಸೇಷನ್ ಅಂತ ಮಾರ್ಕೆಟಿಂಗಿನವರು ಕರೆಯುತ್ತಾರೆ, ಕಾನ್ಫಿಗ್ ಫೈಲ್ ಅಂತ ನಾವು ಕರೆಯುತ್ತೇವೆ. ಕೋಡ್ ಒಂದೇ. ಮೇಲೆ ನಾಲ್ಕು ವೇರಿಯೇಬಲ್ ಬದಲಾಗುತ್ತವೆ. ನಾನು ಮೊಸರನ್ನ ಕೇಳಿದ್ದಕ್ಕೆ ಮೊಸರು ಸಿಕ್ಕಿತು, ಮೊಣಕಾಲು ಗಟ್ಟಿ ಅಂದದ್ದಕ್ಕೆ ಎರಡು ಕಿಲೋಮೀಟರ್ ಹೆಚ್ಚು ನಡೆಸಿದರು. ಆದರೆ ಟ್ರೈಪಾಡ್ ಇಟ್ಟ ಜಾಗಗಳಲ್ಲಿ ಮೊದಲೇ ಬೇರೆ ಟ್ರೈಪಾಡುಗಳ ಕಾಲಿನ ಗುರುತುಗಳಿದ್ದವು. ನೀರಿನ ಎದುರು ನಿಂತಾಗ ಡಾರ್ಕ್ ಫಿಲ್ಟರ್ ಹಾಕಿಸಿ, ಶಟರ್ ಹಲವು ಸೆಕೆಂಡ್ ತೆರೆದಿಡಿಸಿ, ಅಲೆಯನ್ನು ಹೊಗೆ ಮಾಡಿಸುತ್ತಾರೆ. ಮುಂದೊಂದು ಕಲ್ಲು, ನಡುವೆ ಕಣ್ಣನ್ನು ಎಳೆದೊಯ್ಯುವ ಗೆರೆ, ಮೇಲೆ ಮೂರನೇ ಒಂದು ಭಾಗ ಆಕಾಶ. ಹೋಗುವ ಮುಂಚೆ ಏನು ನೋಡಿದ್ದೆನೋ ಅದನ್ನೇ ನನ್ನ ಕಾರ್ಡಿನಲ್ಲಿ ತುಂಬಿಕೊಂಡು ಬಂದೆ. ಚಿತ್ರ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಅದು ನನ್ನದು ಅನ್ನುವುದಕ್ಕೆ ಮಾತ್ರ ಫೈಲಿನ ಹೆಸರು ಬಿಟ್ಟರೆ ಬೇರೆ ಪುರಾವೆ ಇರಲಿಲ್ಲ.

ಈ ಕೋಡ್ ಬರೆದವರು ಯಾರು ಅಂತ ಹುಡುಕಿದರೆ ಮೊದಲು ಸಿಗುವುದು ಬೆಳಕು. ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿಯ ಧರ್ಮಗ್ರಂಥದಲ್ಲಿ ‘ಗೋಲ್ಡನ್ ಅವರ್’ ಮೊದಲನೆಯ ಅಧ್ಯಾಯ. ಸೂರ್ಯ ದಿಗಂತದ ಹತ್ತಿರ ಇರುವಾಗ ಬರುವ ಬಂಗಾರದ ಬೆಳಕು. ಈ ನಿಯಮ ಬಲವಾದದ್ದು ಯುರೋಪ್, ಉತ್ತರ ಅಮೆರಿಕದ ಕಡೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಸಾವಕಾಶ ಮುಳುಗುತ್ತಾನೆ. ಸಣ್ಣ ಲೆಕ್ಕ ಹಾಕಿ ನೋಡಿ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮ ಇರುವ ದಿನ, ಸೂರ್ಯ ದಿಗಂತದ ಮೇಲೆ ಆರು ಡಿಗ್ರಿಯಿಂದ ಸೊನ್ನೆಗೆ ಇಳಿಯಲು ಐಸ್‌ಲ್ಯಾಂಡಿನಲ್ಲಿ ಐವತ್ತು ನಿಮಿಷ ದಾಟುತ್ತದೆ. ಹತ್ತೊಂಬತ್ತು, ಇಪ್ಪತ್ತು ಡಿಗ್ರಿ ಅಕ್ಷಾಂಶದ ಬಿಗ್ ಐಲ್ಯಾಂಡಿನಲ್ಲಿ ಇಪ್ಪತ್ತೈದು ನಿಮಿಷ. ನಮ್ಮ ಬೆಂಗಳೂರಿನಲ್ಲೂ ಅಷ್ಟೇ. ಉಷ್ಣವಲಯದಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಬೀಳುತ್ತಾನೆ. ಹೀಗಾಗಿ ಇಡೀ ಟೂರ್ ಎರಡು ಇಪ್ಪತ್ತೈದು ನಿಮಿಷಗಳ ಸುತ್ತ ಕಟ್ಟಿದ ಗಡಿಬಿಡಿ. ಉಳಿದ ಹನ್ನೊಂದು ಗಂಟೆ ‘ಬೆಳಕು ಚೆನ್ನಾಗಿಲ್ಲ’. ವೇಳಾಪಟ್ಟಿಯಲ್ಲಿ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ‘ಊಟ ಮತ್ತು ಎಡಿಟಿಂಗ್’ ಅಂತ ಬರೆದಿತ್ತು.

ಆದರೆ ಆ ದ್ವೀಪಗಳ ಸ್ವಂತ ಬೆಳಕು ಮಧ್ಯಾಹ್ನದ್ದೇ. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುವುದು ಹವಾಯಿಯಲ್ಲಿ ಮಾತ್ರ, ವರ್ಷಕ್ಕೆ ಎರಡು ಸಲ, ಮೇ ಮತ್ತು ಜುಲೈನಲ್ಲಿ. ಆಗ ಕಂಬಕ್ಕೆ ನೆರಳಿಲ್ಲ, ಮನುಷ್ಯನಿಗೆ ನೆರಳಿಲ್ಲ. ಹೊನೊಲುಲುವಿನ ಬಿಷಪ್ ಮ್ಯೂಸಿಯಂ 1990ರಲ್ಲಿ ಸ್ಪರ್ಧೆ ನಡೆಸಿ ಇದಕ್ಕೆ ‘ಲಹೈನಾ ನೂನ್’ ಅಂತ ಹೆಸರಿಟ್ಟಿತು. ಹಳೆಯ ಹವಾಯಿ ಮಾತಿನಲ್ಲಿ ಇದು ಸೂರ್ಯ ಮಿದುಳಿನ ಮೇಲೆ ಬಂದು ಕೂರುವ ಹೊತ್ತು. ನೆರಳು ದೇಹದೊಳಕ್ಕೆ ವಾಪಸ್ ಹೋಗುತ್ತದೆ ಎಂಬ ನಂಬಿಕೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ‘ಶೂನ್ಯ ನೆರಳಿನ ದಿನ’ ಅಂತ ಶಾಲೆಯ ಮಕ್ಕಳು ಅಂಗಳದಲ್ಲಿ ಬಾಟಲಿ ನಿಲ್ಲಿಸಿ ನೋಡುವುದು ಇದನ್ನೇ. ನೆರಳೇ ಇಲ್ಲದ ಕಪ್ಪು ಲಾವಾ ಬಯಲು ಹೇಗೆ ಕಾಣುತ್ತದೆ? ಅಲ್ಲಿನ ಎರಡು ಬಗೆಯ ಲಾವಾಕ್ಕೆ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಬಳಸುವುದು ಹವಾಯಿಯ ಪದಗಳನ್ನೇ. ಹಗ್ಗ ಸುತ್ತಿದಂತೆ ನುಣ್ಣಗೆ ಹರಿದದ್ದು ಪಾಹೊಯೆಹೊಯೆ, ಕಾಲಿಟ್ಟರೆ ಕೊಯ್ಯುವ ಒರಟು ಕಲ್ಲಿನದ್ದು ಅಆ. ಹೌದು, ನಮ್ಮ ವರ್ಣಮಾಲೆಯ ಮೊದಲ ಎರಡು ಅಕ್ಷರ. ಬಂಗಾರದ ಬೆಳಕಿನಲ್ಲಿ ಎರಡೂ ಒಂದೇ ಥರ ರೇಷ್ಮೆಯ ಹಾಗೆ ಹೊಳೆಯುತ್ತವೆ. ಮಧ್ಯಾಹ್ನ ಒಂದು ಬೆಳ್ಳಿಯ ಹಾಗೆ ಕಣ್ಣು ಕುಕ್ಕುತ್ತದೆ, ಇನ್ನೊಂದು ಬೆಳಕನ್ನೇ ನುಂಗಿ ಇದ್ದಿಲಿನ ಹಾಗೆ ಕೂತಿರುತ್ತದೆ. ವ್ಯತ್ಯಾಸ ಕಾಣುವ ಹೊತ್ತಿನಲ್ಲಿ ಕ್ಯಾಮೆರಾ ಬ್ಯಾಗಿನಲ್ಲಿರುತ್ತದೆ.

ಇದು ಇವತ್ತಿನ ಇನ್‌ಸ್ಟಾಗ್ರಾಮಿನ ಪಾಪ ಅಂತ ಹೇಳಿ ಮುಗಿಸುವುದು ಸುಲಭ, ಆದರೆ ನಿಜವಲ್ಲ. ಕಿಲಾವೆಯಾ ಜ್ವಾಲಾಮುಖಿಯ ಅಂಚಿನಲ್ಲಿ ಪ್ರವಾಸಿಗರಿಗೆ ‘ವಾಲ್ಕೆನೋ ಹೌಸ್’ ಎಂಬ ವಸತಿ 1840ರ ದಶಕದಿಂದ ಇದೆ. ಮಾರ್ಕ್ ಟ್ವೈನ್ 1866ರಲ್ಲಿ ಪತ್ರಿಕೆಯೊಂದಕ್ಕೆ ವರದಿ ಬರೆಯಲು ಬಂದು ಆ ಬೆಂಕಿ ನೋಡಿ ಹೋದ. 1884ರಲ್ಲಿ ಜೂಲ್ಸ್ ಟವರ್ನಿಯೆ ಎಂಬ ಫ್ರೆಂಚ್ ಚಿತ್ರಕಾರ ಬಂದ. ರಾತ್ರಿಯ ಕಪ್ಪು, ನಡುವೆ ಕೆಂಪು ಕೊಳ, ಅಂಚಿನಲ್ಲಿ ಕಡಿದಾದ ಬಂಡೆ ಎಂಬ ಮಾದರಿ ಗಟ್ಟಿಯಾದದ್ದು ಅವನ ಮತ್ತು ಅವನ ಜೊತೆಗಾರರ ಕೈಯಲ್ಲಿ. ಕಲೆಯ ಇತಿಹಾಸದವರು ಇವರನ್ನು ‘ವಾಲ್ಕೆನೋ ಸ್ಕೂಲ್’ ಅನ್ನುತ್ತಾರೆ. ಟವರ್ನಿಯೆ 1889ರಲ್ಲಿ ಹೊನೊಲುಲುವಿನಲ್ಲೇ ತೀರಿಕೊಂಡ. ಅದಾಗಿ ನಾಲ್ಕು ವರ್ಷಕ್ಕೆ ರಾಣಿ ಲಿಲಿಯುಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ಆಮೇಲೆ ಬಂದವರಲ್ಲಿ ಆ್ಯನ್ಸೆಲ್ ಆಡಮ್ಸ್ ಕೂಡ ಒಬ್ಬ. ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿಯ ಪಿತಾಮಹ ಅಂತ ಎಲ್ಲರೂ ಕೈಮುಗಿಯುವ ಈತನ ಹವಾಯಿ ಫೋಟೋಗಳ ಪುಸ್ತಕ 1958ರಲ್ಲಿ ಬಂತು. ಪ್ರಕಟಿಸಿದ್ದು ಒಂದು ಬ್ಯಾಂಕು. ದುಡ್ಡು ಯಾರದ್ದು ಅಂತ ನೋಡಿದರೆ ಚಿತ್ರ ಕೆಟ್ಟದಾಗುವುದಿಲ್ಲ. ಆದರೆ ದ್ವೀಪದ ಚಿತ್ರ ನೂರೈವತ್ತು ವರ್ಷದಿಂದ ಬಂದುಹೋಗುವವರಿಗಾಗಿಯೇ ತಯಾರಾಗುತ್ತಿದೆ ಅನ್ನುವುದು ಗೊತ್ತಾಗುತ್ತದೆ. ನನ್ನ ಟೂರು ಆ ಸರಣಿಯಲ್ಲಿ ಇತ್ತೀಚಿನದು.

ನಮ್ಮ ಊರಿನ ಕಡೆ ‘ಭೂದೃಶ್ಯ’ ಅನ್ನುವ ಪದ ಇಲ್ಲ. ಅದು ನಾನು ಹೈಸ್ಕೂಲಿನ ಡ್ರಾಯಿಂಗ್ ಪರೀಕ್ಷೆಯಲ್ಲಿ ಕಲಿತದ್ದು. ಊರಲ್ಲಿ ಇರುವುದು ಗದ್ದೆ, ತೋಟ, ಬ್ಯಾಣ, ಹಕ್ಕಲು, ಕಾನು. ದನ ಮೇಯುವುದಕ್ಕೊಂದು ಹೆಸರು, ಸೊಪ್ಪು ತರುವುದಕ್ಕೊಂದು ಹೆಸರು. ದೂರ ನಿಂತು ಒಟ್ಟಾಗಿ ನೋಡುವುದಕ್ಕೆ ಹೆಸರಿಲ್ಲ, ಯಾಕಂದರೆ ಹಾಗೆ ನಿಲ್ಲುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹವಾಯಿ ಭಾಷೆಯಲ್ಲಿ ನೆಲಕ್ಕೆ ‘ಆಇನಾ’ ಅನ್ನುತ್ತಾರೆ. ‘ಅಇ’ ಅಂದರೆ ಉಣ್ಣು. ಆಇನಾ ಅಂದರೆ ಉಣಿಸುವುದು. ಬೆಟ್ಟದ ತುದಿಯಿಂದ ಸಮುದ್ರದವರೆಗೆ ಸೀಳಿದ ನೆಲದ ಒಂದೊಂದು ಪಟ್ಟಿ ಅಹುಪುಅಅ. ಮೇಲಿನ ಕಾಡಿನಿಂದ ಮರ, ನಡುವಿನ ಗದ್ದೆಯಿಂದ ಕೆಸುವಿನ ಗೆಡ್ಡೆ, ಕೆಳಗಿನ ನೀರಿನಿಂದ ಮೀನು. ಲಾವಾ ಹರಿದಾಗ ನಡುವೆ ಸುಡದೆ ಉಳಿದ ಹಳೆಯ ಕಾಡಿನ ತುಂಡಿಗೆ ಕೀಪುಕಾ. ಕೀಪುಕಾಕ್ಕೆ ನಮ್ಮ ಟೂರ್ ಹೋಗಲಿಲ್ಲ. ದೂರದಿಂದ ನೋಡಿದರೆ ಅದು ಸಾಮಾನ್ಯ ಕಾಡಿನ ಹಾಗೇ ಕಾಣುತ್ತದೆ, ಫೋಟೋಕ್ಕೆ ‘ಡ್ರಾಮಾ’ ಇಲ್ಲ. ಆದರೆ ಸುತ್ತಲಿನ ಕಪ್ಪು ನೆಲದಲ್ಲಿ ಮತ್ತೆ ಹಸಿರು ಹುಟ್ಟುವುದು ಅಲ್ಲಿಂದ ಹಾರಿದ ಬೀಜದಿಂದ. ನಾಟಕ ಪೂರ್ತಿ ಅಲ್ಲೇ ನಡೆಯುತ್ತಿರುತ್ತದೆ, ನಿಧಾನವಾಗಿ.

ಹೆಸರುಗಳ ಕಥೆಯೂ ಅಷ್ಟೇ. ಎರಡನೆಯ ದಿನ ಬೆಳಗ್ಗೆ ಹೀಲೋದ ‘ರೇನ್‌ಬೋ ಫಾಲ್ಸ್’ಗೆ ಹೋದೆವು. ಅದರ ಹೆಸರು ವೈಆನುಎನುಎ. ಅರ್ಥ ಅದೇ, ಕಾಮನಬಿಲ್ಲಿನ ನೀರು. ಆದರೆ ಆ ಹೆಸರಿನ ಜೊತೆ ನೀರಿನ ಹಿಂದಿನ ಗುಹೆಯಲ್ಲಿ ವಾಸವಿದ್ದ ಹೀನಾ, ಅವಳ ಮಗ ಮಾವುಯಿ, ಅವರ ಕಥೆ ಎಲ್ಲ ಇದೆ. ಇಂಗ್ಲಿಷ್ ಹೆಸರಿನ ಜೊತೆ ಬೆಳಗಿನ ಎಷ್ಟು ಗಂಟೆಗೆ ಕಾಮನಬಿಲ್ಲು ಬರುತ್ತದೆ ಅನ್ನುವ ಮಾಹಿತಿ ಮಾತ್ರ ಇದೆ. 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೇ ಕಡ್ಡಾಯವಾಗಿ, ಹವಾಯಿ ಭಾಷೆ ಸಾಯುವ ಹಂತಕ್ಕೆ ಬಂದಿತ್ತು. 1984ರಲ್ಲಿ ಕೆಲವರು ಸೇರಿ ‘ಪೂನಾನಾ ಲೆಯೊ’ ಅಂತ ಶಿಶುವಿಹಾರ ಶುರುಮಾಡಿ ಮಕ್ಕಳ ಬಾಯಿಂದ ಅದನ್ನು ವಾಪಸ್ ತಂದರು. ಒಂದು ಜಾಗವನ್ನು ಅದರ ಹೆಸರಿನಿಂದ ಕರೆಯುವುದಕ್ಕೆ ಇಷ್ಟು ಹೋರಾಡಿದ ಊರಿನಲ್ಲಿ, ಎರಡು ದಿನದ ಟೂರಿನಲ್ಲಿ ಹೆಸರು ಹೇಳುವುದಕ್ಕೆ ಎರಡು ನಿಮಿಷ ಸಿಗಲಿಲ್ಲ ಅಂದರೆ ಅದು ಸಮಯದ ಅಭಾವ ಅಲ್ಲ.

ಮೊದಲ ದಿನದ ‘ಊಟ ಮತ್ತು ಎಡಿಟಿಂಗ್’ ಹೊತ್ತಿಗೆ ಪಾಹೋವಾ ಎಂಬ ಸಣ್ಣ ಪೇಟೆಯಲ್ಲಿದ್ದೆವು. 2018ರ ಮೇ 3ರಂದು ಇದರ ಹತ್ತಿರದ ಲೇಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ರಸ್ತೆಗಳೇ ಬಿರುಕು ಬಿಟ್ಟು ಲಾವಾ ಉಕ್ಕಿತು. ಒಟ್ಟು 24 ಬಿರುಕು. ಮೂರು ತಿಂಗಳು ಹರಿದು, 35 ಚದರ ಕಿಲೋಮೀಟರ್ ನೆಲ ಮುಚ್ಚಿ, 700ಕ್ಕೂ ಹೆಚ್ಚು ಮನೆ ನುಂಗಿ, ಕಪೋಹೋ ಕೊಲ್ಲಿಯನ್ನು ಪೂರ್ತಿ ತುಂಬಿಸಿತು. ನಿಂತಿದ್ದ ಕಾರೊಂದನ್ನು ಲಾವಾ ನುಂಗುವ ವಿಡಿಯೋ ಆಗ ನಮ್ಮ ವಾಟ್ಸ್ಯಾಪಿಗೂ ಬಂದಿತ್ತು. ಗೈಡಿಗೆ ಆ ದಿನಗಳ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಅವನ ಅಕ್ಕನ ಮನೆಯ ಗೇಟು. ಗೇಟಿನ ಪಕ್ಕ ಅಂಚೆ ಡಬ್ಬಿ, ಒಂದು ಪಪ್ಪಾಯಿ ಗಿಡ. ಅದರ ಹಿಂದೆ ಮನೆ ಇರಬೇಕಾದಲ್ಲಿ ಎರಡಾಳೆತ್ತರದ ಕಪ್ಪು ಗೋಡೆ. ಮಧ್ಯಾಹ್ನದ ಬಿಸಿಲು, ಬಿಳಚಿಕೊಂಡ ಆಕಾಶ, ಕೈ ನಡುಗಿ ಓರೆಯಾದ ದಿಗಂತ. “ಕಂಪೋಸಿಷನ್ ಸರಿ ಇಲ್ಲ” ಅಂದ, ಕ್ಷಮೆ ಕೇಳುವ ಹಾಗೆ.

ಆ ಎರಡು ದಿನದಲ್ಲಿ ನಾನು ನೋಡಿದ ಅತ್ಯುತ್ತಮ ಲ್ಯಾಂಡ್‌ಸ್ಕೇಪ್ ಫೋಟೋ ಅದು. ಈ ನೆಲ ಏನು ಮಾಡಬಲ್ಲದು, ಅದರ ಜೊತೆ ಬದುಕುವುದು ಅಂದರೇನು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹೇಳುವ ಚಿತ್ರ. ತೆಗೆದವನೂ ನನಗೆ ಪಾಠ ಹೇಳಿದವನೇ, ಜಾಗವೂ ಅದೇ ದ್ವೀಪ. ಆದರೆ ಅವನ ಅಂಗಡಿಯಲ್ಲಿ ಅದಕ್ಕೆ ಜಾಗ ಇಲ್ಲ. ಇದನ್ನು ಯಾಕೆ ನಿಮ್ಮ ಗಿರಾಕಿಗಳಿಗೆ ತೋರಿಸುವುದಿಲ್ಲ ಅಂದೆ. “ರಜೆಯಲ್ಲಿ ಬಂದವರು, ಅವರಿಗೆ ಯಾಕೆ” ಅಂದ. ಆಮೇಲೆ, “ಮಧ್ಯಾಹ್ನದ ಫೋಟೋವನ್ನು ಯಾರು ಗೋಡೆಗೆ ಹಾಕ್ತಾರೆ ಹೇಳಿ” ಅಂತ ನಕ್ಕ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಅಮೆರಿಕದಲ್ಲೇ ದುಬಾರಿ ರಾಜ್ಯ ಹವಾಯಿ. ಅಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕುವವನಿಗೆ ಗಿರಾಕಿ ಕೇಳಿದ್ದನ್ನು ಕೊಡುವುದು ಬಿಟ್ಟು ಬೇರೆ ದಾರಿ ಕಡಿಮೆ. ನಾನೂ ದಿನವಿಡೀ ಮಾಡುವುದು ಅದೇ ಕೆಲಸ. ಸುಟ್ಟ ಮನೆಗಳ ಮುಂದೆ ಹೋಗಿ ಟ್ರೈಪಾಡ್ ಇಡಬೇಕು ಅಂತಲೂ ನಾನು ಹೇಳುತ್ತಿಲ್ಲ. ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ. ನನ್ನ ತಕರಾರು ಇಷ್ಟೇ: ಟೂರ್ ‘ವೈಯಕ್ತಿಕ’ ಅನ್ನುತ್ತದೆ, ಆದರೆ ಅದರಲ್ಲಿ ವ್ಯಕ್ತಿಗಳಿಬ್ಬರಿಗೂ ಪ್ರವೇಶ ಇಲ್ಲ. ನಾನು ಏನು ನೋಡಿ ಬೆಳೆದವನು ಅಂತ ಅದು ಕೇಳುವುದಿಲ್ಲ. ಅವನು ಏನು ಕಳೆದುಕೊಂಡವನು ಅಂತ ಅದು ಹೇಳುವುದಿಲ್ಲ.

ರಾತ್ರಿಯ ಟೂರಿನಲ್ಲಿ ಇದು ಇನ್ನೂ ಸ್ಪಷ್ಟ. ಮೌನಾ ಕೆಯಾದ ಮೇಲೆ, 2,800 ಮೀಟರ್ ಎತ್ತರದಲ್ಲಿ, ಚಳಿಯಲ್ಲಿ ಹಲ್ಲು ಕಡಿಯುತ್ತ ಆಕಾಶಗಂಗೆಯ ಫೋಟೋ ತೆಗೆಸುತ್ತಾರೆ. ಆ ಆಕಾಶ ಅಷ್ಟು ಕಪ್ಪಾಗಿರುವುದಕ್ಕೆ ಕಾರಣ ನಿಸರ್ಗ ಮಾತ್ರ ಅಲ್ಲ. ಶಿಖರದ ದೂರದರ್ಶಕಗಳಿಗೆ ತೊಂದರೆಯಾಗದಿರಲಿ ಅಂತ ದ್ವೀಪದ ಬೀದಿದೀಪಗಳ ಬಣ್ಣ, ದಿಕ್ಕು ಎಲ್ಲಕ್ಕೂ ಕಾನೂನಿದೆ. ಅದೇ ಬೆಟ್ಟದ ರಸ್ತೆಯಲ್ಲಿ 2019ರ ಜುಲೈನಲ್ಲಿ ಹವಾಯಿಯ ಮೂಲನಿವಾಸಿ ಹಿರಿಯರು ಕುರ್ಚಿ ಹಾಕಿಕೊಂಡು ಕೂತರು. ಅವರಿಗೆ ಅದು ದೇವರ ಬೆಟ್ಟ. ಅಲ್ಲಿ ಮೂವತ್ತು ಮೀಟರ್ ಅಗಲದ ಕನ್ನಡಿಯ ಟಿ.ಎಂ.ಟಿ. ದೂರದರ್ಶಕ ಬೇಡ ಅಂದರು. ಮೂವತ್ತಕ್ಕೂ ಹೆಚ್ಚು ಹಿರಿಯರನ್ನು ಪೊಲೀಸರು ಎತ್ತಿಕೊಂಡು ಹೋದರು. ಇವತ್ತಿಗೂ ಆ ದೂರದರ್ಶಕ ಅಲ್ಲಿ ಎದ್ದಿಲ್ಲ.

ಇದು ನಮಗೆ ದೂರದ ಸುದ್ದಿಯೂ ಅಲ್ಲ. ಭಾರತ ಟಿ.ಎಂ.ಟಿ.ಯ ಪಾಲುದಾರ. ಆ ಕನ್ನಡಿಯ 492 ತುಂಡುಗಳಲ್ಲಿ ಕೆಲವನ್ನು ಉಜ್ಜಿ ನಯಗೊಳಿಸುವ ಘಟಕ ಇರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಬಿರಿಯಾನಿ ತಿನ್ನಲು ನಾವು ಬೆಳಗಿನ ಜಾವ ಗಾಡಿ ಓಡಿಸುವ ಅದೇ ಹೊಸಕೋಟೆ. ದೂರದರ್ಶಕ ಬೇಕೋ ಬೇಡವೋ ಅನ್ನುವುದರಲ್ಲಿ ಎರಡು ಕಡೆಗೂ ನ್ಯಾಯದ ಮಾತುಗಳಿವೆ. ನನಗೆ ವಿಜ್ಞಾನವೂ ಬೇಕು, ಆ ಅಜ್ಜಿಯರ ಮಾತೂ ಕೇಳಿಸುತ್ತದೆ. ಆದರೆ ಮೂವತ್ತು ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ನಕ್ಷತ್ರ ಎಣಿಸುತ್ತ ನಿಂತವನಿಗೆ ತಾನು ಬಂದ ರಸ್ತೆಯಲ್ಲಿ ಏನಾಯಿತು ಅಂತ ಯಾರೂ ಹೇಳದಿರುವುದು, ದೇವಸ್ಥಾನದ ಶಿಲ್ಪ ತೋರಿಸಿ ಒಳಗೆ ದೇವರಿದೆ ಅಂತ ಹೇಳದಿರುವ ಹಾಗೆ.

ಹಾಗಾದರೆ ಈ ದ್ವೀಪಗಳನ್ನು ಬೇರೆ ಥರ ತೆಗೆಯಲು ಸಾಧ್ಯವೇ ಇಲ್ಲವಾ? ಇದೆ, ತೆಗೆದೂ ಇದ್ದಾರೆ. ಓಆಹು ದ್ವೀಪದ ಕಪುಲಾನಿ ಲ್ಯಾಂಡ್‌ಗ್ರಾಫ್ ಮೂಲನಿವಾಸಿ ಫೋಟೋಗ್ರಾಫರ್. 1994ರಲ್ಲಿ ಬಂದ ಅವರ ‘ನಾ ವಹಿ ಪನಾ ಓ ಕೋಓಲೌ ಪೋಕೋ’ ಪುಸ್ತಕದ ಚಿತ್ರಗಳೂ ಲ್ಯಾಂಡ್‌ಸ್ಕೇಪುಗಳೇ. ಕಪ್ಪು ಬಿಳುಪು. ಬೆಟ್ಟ, ಕಲ್ಲು, ನೀರು. ಆದರೆ ‘ವಹಿ ಪನಾ’ ಅಂದರೆ ಕಥೆಯಿರುವ ಜಾಗ. ಪ್ರತಿ ಚಿತ್ರದ ಜೊತೆ ಆ ಜಾಗದ ಹೆಸರು, ಅದರ ಕಥೆ, ಹವಾಯಿ ಭಾಷೆಯಲ್ಲೂ ಇಂಗ್ಲಿಷಿನಲ್ಲೂ. ಅದನ್ನು ನೋಡಿದಾಗ ಬಂಡೆಯೊಂದು ಸುಮ್ಮನೆ ‘ಫೋರ್‌ಗ್ರೌಂಡ್’ ಆಗಿ ಉಳಿಯುವುದಿಲ್ಲ, ಅದಕ್ಕೊಂದು ವಿಳಾಸ ಬರುತ್ತದೆ. ಅವರು ಮಾರ್ಕ್ ಹಮಸಾಕಿ ಜೊತೆ ಸೇರಿ, ಓಆಹುವಿನ ಬೆಟ್ಟ ಕೊರೆದು ಎಚ್-3 ಹೆದ್ದಾರಿ ಮಾಡಿದ ವರ್ಷಗಳನ್ನು ದಾಖಲಿಸಿದರು. 1997ರಲ್ಲಿ ರಸ್ತೆ ತೆರೆಯಿತು, ಚಿತ್ರಗಳು 2015ರಲ್ಲಿ ‘ಎ ಲುಕು ವಲೆ ಎ’ ಎಂಬ ಪುಸ್ತಕವಾದವು. ಅಗೆದ ಮಣ್ಣು, ಕಂಬ, ಯಂತ್ರ. ಸುಂದರವಾಗಿವೆ ಅನ್ನಲು ನಾಲಿಗೆ ಏಳುವುದಿಲ್ಲ, ಆದರೆ ಕಣ್ಣು ತೆಗೆಯಲೂ ಆಗುವುದಿಲ್ಲ. ಸ್ಲೋ ಶಟರಿನ ನೂರು ಅಲೆಗಳಿಗಿಂತ ಆ ಒಂದು ಪುಸ್ತಕ ಹೆಚ್ಚು ಹೊತ್ತು ತಲೆಯಲ್ಲಿ ಉಳಿಯುತ್ತದೆ.

ಇನ್ನೊಂದು ಉದಾಹರಣೆ ಕೇಳಿದರೆ ನಗುತ್ತೀರಿ. 1912ರಲ್ಲಿ ಶುರುವಾದ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದ ವೆಬ್‌ಕ್ಯಾಮುಗಳು. ಕಿಲಾವೆಯಾದ ಬಾಯಿ ಹಲೆಮಾಉಮಾಉ 2018ರಲ್ಲಿ ಸುಮಾರು ಅರ್ಧ ಕಿಲೋಮೀಟರ್ ಆಳಕ್ಕೆ ಕುಸಿಯಿತು. ತಳದಲ್ಲಿ 2019ರಲ್ಲಿ ನೀರು ಕಾಣಿಸಿ ಕೆರೆಯಾಯಿತು. 2020ರ ಡಿಸೆಂಬರ್ 20ರಂದು ಲಾವಾ ಬಂದು ಆ ಕೆರೆಯನ್ನು ಕುದಿಸಿ ಆವಿ ಮಾಡಿತು. 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಬೆಂಕಿಯ ಕಾರಂಜಿ ಏಳತೊಡಗಿತು, ಕೆಲವು ಸಲ 300 ಮೀಟರಿಗೂ ಎತ್ತರ. ಇದೆಲ್ಲವನ್ನೂ ಕಂಬಕ್ಕೆ ಕಟ್ಟಿದ ಕ್ಯಾಮೆರಾಗಳು ಹಗಲು ರಾತ್ರಿ ನೋಡುತ್ತಿರುತ್ತವೆ. ಲೆನ್ಸಿನ ಮೇಲೆ ಮಳೆ ಹನಿ, ಗಂಟೆಗಟ್ಟಲೆ ಬರೀ ಬಿಳಿ ಮಂಜು, ಮೂಲೆಯಲ್ಲಿ ತಾರೀಕು, ಸಮಯ. ಗೋಲ್ಡನ್ ಅವರ್ ಇಲ್ಲ, ಎಲ್ಲ ಅವರೂ ಒಂದೇ. ನಾನು ಹೋದ ದಿನ ಕಿಲಾವೆಯಾ ಸುಮ್ಮನಿತ್ತು, ಟೂರಿನ ಲೆಕ್ಕದಲ್ಲಿ ಅದು ನಷ್ಟ. ಆದರೆ ವೆಬ್‌ಕ್ಯಾಮನ್ನು ಒಂದು ವಾರ ಬಿಲ್ಡ್ ಓಡುವ ಹೊತ್ತಿನಲ್ಲೆಲ್ಲ ತೆರೆದು ನೋಡಿ. ಏನೂ ಆಗದಿರುವುದೂ ಆ ಬೆಟ್ಟದ ಒಂದು ಕೆಲಸ ಅಂತ ನಿಧಾನಕ್ಕೆ ಅರ್ಥವಾಗುತ್ತದೆ.

ಈ ಟೂರುಗಳು ನಿಲ್ಲಬೇಕು ಅಂತ ನಾನು ಹೇಳಲಾರೆ. ಸುಮಾರು ಎರಡು ಲಕ್ಷ ಜನರ ಆ ದ್ವೀಪದಲ್ಲಿ ಎಷ್ಟೋ ಮನೆಯ ಒಲೆ ಪ್ರವಾಸಿಗರಿಂದ ಉರಿಯುತ್ತದೆ. ನಿಮ್ಮಲ್ಲೂ ಕೆಲವರು ಹನಿಮೂನಿಗೋ ಆನ್‌ಸೈಟ್ ಮುಗಿಸಿಯೋ ಅಲ್ಲಿಗೆ ಹೋಗುತ್ತೀರಿ, ಹೋಗಿ. ಮಣ್ಣಿನ ದಾರಿಯಲ್ಲಿ ಗಾಡಿ ಓಡಿಸಿ ನೆಲ ಕಿತ್ತುಹಾಕುವವರಿಗಿಂತ, ಕರಿಮರಳು ಕದ್ದು ಬಾಟಲಿಯಲ್ಲಿ ತುಂಬಿಕೊಳ್ಳುವವರಿಗಿಂತ, ಒಬ್ಬ ಗೈಡಿನ ಜೊತೆ ನಿಯಮ ಪಾಲಿಸಿ ನಡೆಯುವುದು ಎಷ್ಟೋ ಪಾಲು ಮೇಲು. ಮೊದಲ ದಿನ ಬೇಕಾದರೆ ಆ ಹಾಲಿನ ಅಲೆಯ ಫೋಟೋವನ್ನೂ ತೆಗೆದುಕೊಳ್ಳಿ, ಅಮ್ಮನಿಗೆ ಕಳಿಸಲು ಒಂದು ಬೇಕಾಗುತ್ತದೆ.

ಆದರೆ ವೈಯಕ್ತಿಕ ಅನ್ನುವ ಪದಕ್ಕೆ ದುಡ್ಡು ಕೊಟ್ಟಮೇಲೆ ಆ ಪದವನ್ನು ಕೇಳಿ ಪಡೆಯಿರಿ. ಗಿರಾಕಿ ಕೇಳಿದ್ದನ್ನು ಕೊಡುತ್ತೇನೆ ಅಂತ ಅವನೇ ಹೇಳುತ್ತಿದ್ದಾನೆ, ಹಾಗಾದರೆ ಬದಲಾಗಬೇಕಾದದ್ದು ನಾವು ಕೇಳುವುದು. ಬುಕಿಂಗ್ ಫಾರಂನ ಕೊನೆಯಲ್ಲಿ ‘ಬೇರೆ ಏನಾದರೂ ಹೇಳುವುದಿದ್ದರೆ’ ಅಂತ ಒಂದು ಖಾಲಿ ಪೆಟ್ಟಿಗೆ ಇರುತ್ತದೆ. ಸಸ್ಯಾಹಾರಿ ಅಂತ ಬರೆದಮೇಲೆ ಇನ್ನೊಂದು ಸಾಲು ಸೇರಿಸಿ: ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎಡಿಟಿಂಗ್ ಬೇಡ, ನಿಮ್ಮ ಊರನ್ನು ಅದರ ಹೆಸರುಗಳ ಸಮೇತ ತೋರಿಸಿ.